ಮನಕಾಮನಾ ಗುಡ್ಡದ ರಾಣಿ

ನೇಪಾಳಕ್ಕೆ ಹೋಗಿಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಸಾಕಷ್ಟಿವೆ. ಪಶುಪತಿನಾಥ, ಮುಕ್ತಿನಾಥ, ಪೋಖರಾದ ಸರೋವರ ಇವುಗಳ ಫೋಟೋ ಆಲ್ಬಮ್ಮುಗಳನ್ನು ನಾವೆಲ್ಲ ಒಬ್ಬರ ಮನೆಯಲ್ಲಿ ಒಬ್ಬರು ನೋಡಿದ್ದೇವೆ. ಆದರೆ ‘ಮನಕಾಮನಾಕ್ಕೆ ಹೋಗಿದ್ದೆವು’ ಎಂದರೆ ಮಾತ್ರ ‘ಅದೆಲ್ಲಿದೆ? ಯಾರ ದೇವಸ್ಥಾನ?’ ಎಂಬ ಪ್ರಶ್ನೆ ಬರುತ್ತದೆ. ಯುಗಾದಿಯ ಊಟದ ಪಂಕ್ತಿಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಸಲ ಇದೇ ಉತ್ತರ ಹೇಳುತ್ತಿದ್ದುದನ್ನು ಕೇಳಿಸಿಕೊಂಡ ಸಂಪಾದಕರು, ‘ಎಲ್ಲರಿಗೂ ಒಂದೇ ಸಲ ಹೇಳಿಬಿಡಿ, ಎರಡು ಪುಟ ಬರೆದುಕೊಡಿ’ ಎಂದರು. ಹೋಳಿಗೆ ಬಾಯಲ್ಲಿದ್ದಾಗ ಇಲ್ಲವೆನ್ನುವುದು ಕಷ್ಟ. ಹಾಗಾಗಿ ಈ ಬರಹ.

ಮನಕಾಮನಾ ಇರುವುದು ನೇಪಾಳದ ಗೋರ್ಖಾ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದ ಗುಡ್ಡದ ಮೇಲೆ. ಕಟ್ಮಂಡುವಿನಿಂದ ಪೋಖರಾಕ್ಕೆ ಹೋಗುವ ಪೃಥ್ವೀ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ಸಾಗಿದರೆ ಕುರಿಂತಾರ್ ಎಂಬ ಊರು. ಅಲ್ಲಿ ತ್ರಿಶೂಲಿ ನದಿಯನ್ನು ದಾಟಿಸಿ ಗುಡ್ಡದ ನೆತ್ತಿಗೆ ಕರೆದೊಯ್ಯುವ ಕೇಬಲ್ ಕಾರ್ ಇದೆ. ದೇವಿಯ ಹೆಸರು ಮನಕಾಮನಾ ಭಗವತಿ, ಅಂದರೆ ಮನಸ್ಸಿನ ಆಸೆಯನ್ನು ಪೂರೈಸುವವಳು. ಆದರೆ ಈಕೆ ಆಕಾಶದಿಂದ ಇಳಿದವಳಲ್ಲ. ಗೋರ್ಖಾದ ಅರಮನೆಯಲ್ಲಿದ್ದ ಒಬ್ಬ ರಾಣಿ ಎಂದು ಅಲ್ಲಿಯವರ ನಂಬಿಕೆ.

ನಮಗೆ ಈ ಹೆಸರು ಗೊತ್ತಾದದ್ದು ಯಾವ ಪ್ರವಾಸದ ಪುಸ್ತಕದಿಂದಲೂ ಅಲ್ಲ. ಇಲ್ಲಿ ದೋಹಾದಲ್ಲಿ ನಾವಿರುವ ಕಟ್ಟಡದ ರಾತ್ರಿ ಪಾಳಿಯ ವಾಚ್‌ಮನ್ ಗೋರ್ಖಾ ಕಡೆಯವನು. 2022ರ ಡಿಸೆಂಬರಿನಲ್ಲಿ ಮಗಳ ಶಾಲೆಗೆ ರಜೆ ಬಂದಾಗ ನೇಪಾಳಕ್ಕೆ ಹೊರಟಿದ್ದೇವೆ ಎಂದು ತಿಳಿದು ಅವನು ಒಂದು ಕೋರಿಕೆ ಇಟ್ಟ. ದೋಹಾಕ್ಕೆ ಬರುವಾಗ ಮಾಡಿದ್ದ ಸಾಲ ತೀರಿದರೆ ಮನಕಾಮನಾಗೆ ಒಂದು ಹೋತವನ್ನು ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಿದ್ದನಂತೆ. ಇದಕ್ಕೆ ಅವರ ಭಾಷೆಯಲ್ಲಿ ಭಾಕಲ್ ಎನ್ನುತ್ತಾರೆ. ಸಾಲ ತೀರಿ ಆರು ತಿಂಗಳಾಗಿತ್ತು, ರಜೆ ಮಾತ್ರ ಸಿಕ್ಕಿರಲಿಲ್ಲ. ಹೆಂಡತಿಯೂ ತಮ್ಮನೂ ಹೋತವನ್ನು ತರುತ್ತಾರೆ, ನೀವು ಆ ದಿನ ಅಲ್ಲಿದ್ದು ನನ್ನ ಹೆಸರಿನಲ್ಲಿ ಒಂದು ಸಲ ಗಂಟೆ ಹೊಡೆದು ಪ್ರಸಾದ ತಂದುಕೊಡಿ ಎಂದ.

ನಮ್ಮದು ಈರುಳ್ಳಿಯನ್ನೂ ಲೆಕ್ಕಹಾಕಿ ತಿನ್ನುವ ಮನೆ. ಜೊತೆಗೆ ಬರುವವರು ಮಾಲೂರಿನಿಂದ ಬಂದು ನಮ್ಮಲ್ಲಿದ್ದ ಅಮ್ಮ. ಇನ್ನೊಬ್ಬರ ಪ್ರಾಣಿಬಲಿಗೆ ನಾವು ಸಾಕ್ಷಿ ನಿಲ್ಲುವುದು ಹೇಗೆ ಎಂದು ಗಂಡಹೆಂಡಿರಿಬ್ಬರೂ ಎರಡು ರಾತ್ರಿ ಚರ್ಚೆ ಮಾಡಿದೆವು. ಕೊನೆಗೆ ಅಮ್ಮನೇ ತೀರ್ಪು ಕೊಟ್ಟರು: ‘ಹರಕೆ ಅವನ್ದು, ದೇವ್ರು ಅವನ್ದು. ನಿಮ್ಮನ್ನ ಕೇಳಿದ್ದು ಗಂಟೆ ಹೊಡೆಯಕ್ಕೆ. ಹೊಡೆದು ಬನ್ನಿ.’

ದೋಹಾದಿಂದ ಕಟ್ಮಂಡುವಿಗೆ ಹೋಗುವ ವಿಮಾನವನ್ನು ನೀವು ಹತ್ತಿದ್ದರೆ ಅದರ ವಾತಾವರಣ ಗೊತ್ತಿರುತ್ತದೆ. ಮುಕ್ಕಾಲು ಪಾಲು ದುಡಿಯಲು ಬಂದ ಹುಡುಗರು. ಹೊಸ ಜಾಕೆಟ್ಟು, ಕಂಬಳಿಯ ಗಂಟು, ಮಡಿಲಲ್ಲಿ ಟೀವಿಯ ಪೆಟ್ಟಿಗೆ. ಹಿಮಾಲಯ ಕಂಡ ಕೂಡಲೇ ಎಲ್ಲರೂ ಒಂದೇ ಪಕ್ಕಕ್ಕೆ ಬಗ್ಗಿದರು. ಇಳಿದು ಹೊರಗೆ ಬಂದಾಗ ಗೇಟಿನ ಬಳಿ ಹಾರ ಹಿಡಿದು ಕಾಯುತ್ತಿದ್ದವರ ಆಚೆಗೆ ಒಂದು ಲಾರಿ ನಿಂತಿತ್ತು. ನಮ್ಮ ಜೊತೆ ಅದೇ ವಿಮಾನದಲ್ಲಿ ಬಂದಿದ್ದ ಒಂದು ಉದ್ದನೆಯ ಮರದ ಪೆಟ್ಟಿಗೆಯನ್ನು ನಾಲ್ಕು ಜನ ಅದಕ್ಕೆ ಏರಿಸುತ್ತಿದ್ದರು. ಮಗಳು ‘ಅದೇನು?’ ಎಂದಳು. ಅಮ್ಮ ಅವಳ ತಲೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಗಡಿಯಾರವನ್ನು ನೇಪಾಳದ ಸಮಯಕ್ಕೆ, ಅಂದರೆ ಭಾರತಕ್ಕಿಂತ ಕಾಲುಗಂಟೆ ಮುಂದಕ್ಕೆ ಇಟ್ಟುಕೊಂಡು, ಮಾತಿಲ್ಲದೆ ಟ್ಯಾಕ್ಸಿ ಹತ್ತಿದೆವು.

ಪಶುಪತಿನಾಥನ ದರ್ಶನದ ಬಗ್ಗೆ ಈ ಪತ್ರಿಕೆಯಲ್ಲಿ ಹಿಂದೆ ಬೇರೆಯವರು ಬರೆದಿದ್ದಾರೆ, ನಾವು ಉದ್ದಮಾಡುವುದಿಲ್ಲ. ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಎಂಬ ಒಂದು ಸಂಗತಿ ಅಮ್ಮನಿಗೆ ಬಹಳ ಹೆಮ್ಮೆ ತಂದಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಕುರಿಂತಾರಿನ ದಾರಿ ನೂರು ಕಿಲೋಮೀಟರ್ ಎಂದು ಕೇಳಿ ಎರಡು ಗಂಟೆಯಲ್ಲಿ ತಲುಪುತ್ತೇವೆ ಎಂದುಕೊಳ್ಳಬೇಡಿ. ನಮಗೆ ಐದು ಗಂಟೆ ಹಿಡಿಯಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನದಿ, ನಡುವೆ ಲಾರಿಗಳ ಸಾಲು, ಎಲ್ಲದರ ಮೇಲೂ ಬೂದಿಯಂಥ ಧೂಳು. ಮಾಲೇಖು ಎಂಬ ಊರಿನಲ್ಲಿ ರಸ್ತೆಯುದ್ದಕ್ಕೂ ಕರಿದ ಮೀನು ಮಾರುತ್ತಾರೆ. ನಾವು ಕಿಟಕಿ ಏರಿಸಿಕೊಂಡು ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಆಮೇಲೆ ಒಂದು ಹೋಟೆಲಿನಲ್ಲಿ ದಾಲ್-ಭಾತ್ ಸಿಕ್ಕಿತು. ಅನ್ನ, ಬೇಳೆ, ಪಲ್ಯ, ಗುಂದ್ರುಕ್ ಎಂಬ ಹುಳಿ ಬರಿಸಿದ ಒಣಸೊಪ್ಪಿನ ಸಾರು. ಕೇಳದೆಯೇ ಮತ್ತೆ ಮತ್ತೆ ಬಡಿಸುವುದನ್ನು ಕಂಡು ಅಮ್ಮ, ‘ಇವ್ರಿಗೆ ಉಣ್ಣಿಸೋದು ಗೊತ್ತು’ ಎಂದು ಸರ್ಟಿಫಿಕೇಟ್ ಕೊಟ್ಟರು. ನಮ್ಮೂರಿನ ಕೆಲವು ಮದುವೆಮನೆಗಳಿಗೂ ಈ ಮಾತು ತಲುಪಬೇಕು.

ರಾತ್ರಿ ಕೆಳಗೇ ಉಳಿದು ಬೆಳಿಗ್ಗೆ ಕೇಬಲ್ ಕಾರಿನ ಟಿಕೆಟ್ ಕೌಂಟರಿಗೆ ಹೋದೆವು. ದರದ ಪಟ್ಟಿಯನ್ನು ಓದಿದ ಮಗಳು ನಿಂತುಬಿಟ್ಟಳು. ಮನುಷ್ಯರಿಗೆ ಹೋಗಿಬರುವ ಟಿಕೆಟ್ಟು ಉಂಟು. ಆಡಿಗೆ ಹೋಗುವುದಕ್ಕೆ ಮಾತ್ರ. ‘ವಾಪಸ್ ಯಾಕಿಲ್ಲ?’ ಎಂದು ಕೇಳಿದವಳು ಉತ್ತರವೂ ತಾನೇ ಹೊಳೆದು ಸುಮ್ಮನಾದಳು. ಸ್ವಲ್ಪ ಹೊತ್ತಿನ ನಂತರ, ‘ಅದಕ್ಕೇ ಕುರಿಂತಾರ್ ಅಂತ ಹೆಸರು. ತಾರ್ ಅಂದ್ರೆ ತಂತಿ, ತಂತಿ ಮೇಲೆ ಕುರಿ’ ಎಂದಳು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಈ ಕೇಬಲ್ ಕಾರ್ ಶುರುವಾದದ್ದು 1998ರ ನವೆಂಬರಿನಲ್ಲಿ. ಆಸ್ಟ್ರಿಯಾದ ಯಂತ್ರ, ಉದ್ದ ಸುಮಾರು 2.8 ಕಿಲೋಮೀಟರ್. ಹತ್ತು ನಿಮಿಷದಲ್ಲಿ ಸಾವಿರ ಮೀಟರಿನಷ್ಟು ಮೇಲಕ್ಕೆ ಎತ್ತಿ ಇಳಿಸುತ್ತದೆ. ಅದಕ್ಕೆ ಮುಂಚೆ ಕೆಳಗಿನ ಊರುಗಳಿಂದ ಮೂರು-ನಾಲ್ಕು ಗಂಟೆ ಗುಡ್ಡ ಹತ್ತಬೇಕಿತ್ತು. ನಾವು ಹೊರಟಾಗ ನದಿಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಡಬ್ಬಿ ಕಾಣುತ್ತಿರಲಿಲ್ಲ. ಅಮ್ಮ ಕಣ್ಣುಮುಚ್ಚಿ ವಿಷ್ಣುಸಹಸ್ರನಾಮ ಹಿಡಿದರು. ಅರ್ಧ ದಾರಿಯಲ್ಲಿ ಮಂಜು ಕೆಳಗೆ ಉಳಿದು ಬಿಸಿಲು ಬಂತು. ಮೆಟ್ಟಿಲು ಮೆಟ್ಟಿಲಾಗಿ ಹೊಲಗಳು, ಅಲ್ಲಲ್ಲಿ ಕಿತ್ತಳೆಯ ಗಿಡಗಳು, ಉತ್ತರಕ್ಕೆ ಹಿಮದ ಶಿಖರಗಳು. ಅಮ್ಮ ಕಣ್ಣು ಬಿಟ್ಟವರು ನಾಮ ನಿಲ್ಲಿಸಿದ್ದನ್ನು ಮರೆತೇಬಿಟ್ಟರು.

ವಾಚ್‌ಮನ್ನನ ಹೆಂಡತಿಯೂ ತಮ್ಮನೂ ಇನ್ನೊಂದು ಕಡೆಯ ಮಣ್ಣುರಸ್ತೆಯಲ್ಲಿ ಜೀಪು ಹಿಡಿದು, ಕರಿಯ ಹೋತವನ್ನು ಜೊತೆಯಲ್ಲಿ ಕೂರಿಸಿಕೊಂಡು ಮೇಲೆ ಬಂದಿದ್ದರು. ನಿಲ್ದಾಣದ ಮುಂದೆ ನಮ್ಮನ್ನು ಗುರುತು ಹಿಡಿದ ತಮ್ಮ, ನಾವು ‘ನಮಸ್ತೆ’ ಎನ್ನುವ ಮೊದಲೇ ಕೈಮುಗಿದು, ‘ನಮಸ್ಕಾರ ಸಾರ್, ತಿಂಡಿ ಆಯ್ತಾ ಅಮ್ಮ?’ ಎಂದ! ಗೋರ್ಖಾದ ಗುಡ್ಡದ ತುದಿಯಲ್ಲಿ ಕನ್ನಡ. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದನಂತೆ. ಪಶುಪತಿಯಲ್ಲಿ ಜನಸಂದಣಿಯಿಂದಾಗಿ ಭಟ್ಟರ ಬಾಯಿಂದ ಕೇಳಲಾಗದ ಕನ್ನಡವನ್ನು ಈ ಹುಡುಗನ ಬಾಯಲ್ಲಿ ಕೇಳಿ ಅಮ್ಮನಿಗೆ ಕಣ್ಣು ತುಂಬಿತು. ಅವನ ಅತ್ತಿಗೆಗೆ ನೇಪಾಳಿ ಬಿಟ್ಟರೆ ಸ್ವಲ್ಪವೇ ಹಿಂದಿ. ಅಮ್ಮನ ಕಾಲಿಗೆ ನಮಸ್ಕರಿಸಿ ‘ಆಮಾ’ ಎಂದಳು. ಅದನ್ನು ಅನುವಾದ ಮಾಡುವ ಅಗತ್ಯ ಬರಲಿಲ್ಲ.

ನಿಲ್ದಾಣದಿಂದ ಗುಡಿಗೆ ಅಂಗಡಿಗಳ ನಡುವೆ ಮೆಟ್ಟಿಲು. ಅಮ್ಮನ ಮಂಡಿಗಾಗಿ ನಾಲ್ಕು ಸಲ ಕೂತು ಹೋದೆವು. ದೇವಸ್ಥಾನ ನಮ್ಮ ಗೋಪುರದ ಗುಡಿಗಳಂತಲ್ಲ. ಇಟ್ಟಿಗೆ ಮತ್ತು ಕೆತ್ತನೆಯ ಮರದಿಂದ ಕಟ್ಟಿ, ಒಂದರ ಮೇಲೊಂದು ಛಾವಣಿ ಇಟ್ಟ ನೇಪಾಳಿ ಶೈಲಿಯದು. ನೋಡಲು ಹೊಸದಾಗಿ ಹೊಳೆಯುತ್ತದೆ. ಕಾರಣ, 2015ರ ಏಪ್ರಿಲ್ 25ರ ಭೂಕಂಪ. ಅದರ ಕೇಂದ್ರ ಇದೇ ಗೋರ್ಖಾ ಜಿಲ್ಲೆಯ ಬಾರ್ಪಾಕ್. ತೀವ್ರತೆ 7.8, ದೇಶದಲ್ಲಿ ಸತ್ತವರು ಸುಮಾರು ಒಂಬತ್ತು ಸಾವಿರ. ಗುಡಿಗೂ ಪೆಟ್ಟು ಬಿದ್ದಿತ್ತು. ಹಳೆಯ ಕ್ರಮದಲ್ಲೇ ಮರುನಿರ್ಮಾಣ ಮಾಡಿ 2018ರಲ್ಲಿ ಮುಗಿಸಿದ್ದಾರೆ. ಆ ಭೂಕಂಪದಲ್ಲಿ ಮನೆ ಬಿದ್ದವರಲ್ಲಿ ನಮ್ಮ ವಾಚ್‌ಮನ್ನನ ಮನೆಯವರೂ ಸೇರಿದ್ದರು ಎಂಬುದು ಅವನ ತಮ್ಮ ಹೇಳಿದಾಗಲೇ ನಮಗೆ ತಿಳಿದದ್ದು. ದಿನವೂ ನಮಗೆ ಬಾಗಿಲು ತೆಗೆಯುವವನು ಎಂದೂ ಅದನ್ನು ಹೇಳಿರಲಿಲ್ಲ.

ಸಾಲು ಎರಡು ಗಂಟೆಯದು. ಆ ಹೊತ್ತಿನಲ್ಲಿ ತಮ್ಮ ನಮಗೆ ರಾಣಿಯ ಕಥೆ ಹೇಳಿದ. ಅರ್ಧ ಕನ್ನಡ, ಅರ್ಧ ಹಿಂದಿ. ಅವನ ಧಾಟಿಯನ್ನು ತರಲು ನಮಗೆ ಬಾರದು, ಸಾರಾಂಶ ಇಷ್ಟು:

ಗೋರ್ಖಾವನ್ನು ರಾಮ ಶಾಹ ಆಳುತ್ತಿದ್ದ ಕಾಲ, ಅಂದರೆ 17ನೇ ಶತಮಾನದ ಮೊದಲ ಭಾಗ. ರಾಜನ ಹೆಂಡತಿಗೆ ದೈವಶಕ್ತಿ ಇತ್ತು. ಅದು ಗೊತ್ತಿದ್ದದ್ದು ಅವಳ ಭಕ್ತನಾದ ಲಖನ್ ಥಾಪಾ ಎಂಬ ಮಗರ ಜನಾಂಗದವನಿಗೆ ಮಾತ್ರ. ಒಂದು ದಿನ ರಾಜ ತನ್ನ ರಾಣಿಯನ್ನು ದೇವಿಯ ರೂಪದಲ್ಲಿಯೂ ಲಖನ್ ಥಾಪಾನನ್ನು ಸಿಂಹದ ರೂಪದಲ್ಲಿಯೂ ಕಂಡುಬಿಟ್ಟ. ಕಂಡದ್ದನ್ನು ಬಾಯಿಬಿಟ್ಟು ಹೇಳಿದ ಕೂಡಲೇ ಸತ್ತ. ಆಗಿನ ಪದ್ಧತಿಯಂತೆ ರಾಣಿ ಗಂಡನ ಚಿತೆ ಏರಬೇಕಾಯಿತು. ಅಳುತ್ತಾ ನಿಂತ ಲಖನ್ ಥಾಪಾನಿಗೆ ‘ಮತ್ತೆ ಬರುತ್ತೇನೆ’ ಎಂದು ಮಾತು ಕೊಟ್ಟು ಹೋದಳು. ಆರು ತಿಂಗಳ ಮೇಲೆ ಈ ಗುಡ್ಡದಲ್ಲಿ ಒಬ್ಬ ರೈತ ಉಳುತ್ತಿದ್ದಾಗ ನೇಗಿಲು ಕಲ್ಲಿಗೆ ತಾಗಿತು. ಕಲ್ಲಿನಿಂದ ರಕ್ತವೂ ಹಾಲೂ ಹರಿಯತೊಡಗಿತು. ಸುದ್ದಿ ಕೇಳಿ ಬಂದ ಲಖನ್ ಥಾಪಾ ತನಗೆ ಗೊತ್ತಿದ್ದ ವಿಧಿ ಮಾಡಿದ ಮೇಲೆ ಹರಿವು ನಿಂತಿತು. ಆ ಕಲ್ಲಿರುವಲ್ಲೇ ಗುಡಿ. ಇಂದಿಗೂ ಪೂಜಾರಿ ಲಖನ್ ಥಾಪಾನ ವಂಶದವನೇ ಆಗಬೇಕು. ಅಕ್ಕಿ, ಕುಂಕುಮ, ಕಿತ್ತಳೆ, ಮೊಟ್ಟೆ, ಬಟ್ಟೆಯ ಚೂರು ಇವುಗಳಿಂದ ಅವನ ಬೆಳಗಿನ ಪೂಜೆ ಮುಗಿದ ಮೇಲೆಯೇ ಮಿಕ್ಕವರಿಗೆ ಅವಕಾಶ. ಪಶುಪತಿಯಲ್ಲಿ ಪೂಜೆಗೆ ದೂರದ ದಕ್ಷಿಣದಿಂದ ಭಟ್ಟರು ಬರಬೇಕು, ಇಲ್ಲಿ ಗುಡ್ಡದ ಮಗರನೇ ಬೇಕು. ಒಂದೇ ದೇಶದಲ್ಲಿ ಎರಡೂ ನಡೆದುಬಂದಿದೆ.

ಕಥೆ ಮುಗಿಯುವ ಮೊದಲೇ ಅಮ್ಮ, ‘ಇದು ನಮ್ಮ ಮಾಸ್ತಿಯಮ್ಮನ ಕಥೆನೇ ಕಣ್ರೋ’ ಎಂದರು. ಮಾಲೂರು ತಾಲ್ಲೂಕಿನಲ್ಲೇ ಮಾಸ್ತಿ ಎಂಬ ಊರಿದೆ ಎಂಬುದು ಮಾಸ್ತಿ ವೆಂಕಟೇಶ ಅಯ್ಯಂಗಾರರಿಂದಾಗಿ ಎಲ್ಲರಿಗೂ ಗೊತ್ತು. ಮಹಾಸತಿ ಎಂಬುದೇ ಮಾಸ್ತಿ ಆದದ್ದು. ನಮ್ಮ ಹಳೆಯ ಊರುಗಳ ಹೊರಗೆ, ಕೆರೆ ಏರಿಯ ಹತ್ತಿರ, ಬಳೆ ತೊಟ್ಟ ಕೈಯೊಂದನ್ನು ಮೇಲೆತ್ತಿದಂತೆ ಕೆತ್ತಿದ ಕಲ್ಲುಗಳನ್ನು ನೀವೂ ನೋಡಿರಬಹುದು. ಬೆರಳ ನಡುವೆ ಒಂದು ನಿಂಬೆಹಣ್ಣು. ಅವೇ ಮಾಸ್ತಿಕಲ್ಲು. ಬೆಳತೂರಿನಲ್ಲಿ ದೇಕಬ್ಬೆ ಎಂಬವಳ ಶಾಸನವಿದೆ, 1057ನೇ ಇಸವಿಯದು. ತಂದೆತಾಯಿ ಬೇಡವೆಂದರೂ ಕೇಳದೆ ಬೆಂಕಿ ಹೊಕ್ಕಳೆಂದು ಅದರಲ್ಲಿದೆ. ಆದರೆ ಎಲ್ಲರೂ ಹಾಗೆ ತಾವಾಗಿ ಹೊಕ್ಕವರೆಂದು ಕಲ್ಲು ನೋಡಿ ಹೇಳಲು ಬರುವುದಿಲ್ಲ. ಕಲ್ಲು ನಿಲ್ಲಿಸಿದವರು ಬದುಕುಳಿದವರು.

ಹನ್ನೆರಡು ವರ್ಷದ ಮಗಳಿಗೆ ಇದೆಲ್ಲ ಸರಿಬರಲಿಲ್ಲ. ‘ಅಷ್ಟು ಪವರ್ ಇದ್ದವಳು ಯಾಕೆ ಸಾಯಬೇಕಿತ್ತು? ಸುಟ್ಟು ಆಮೇಲೆ ಪೂಜೆ ಮಾಡೋದಾ?’ ಎಂದು ಸಾಲಿನಲ್ಲಿ ಗಟ್ಟಿಯಾಗಿಯೇ ಕೇಳಿದಳು. ಅವಳ ಬಾಯಿ ಮುಚ್ಚಿಸುವ ಮನಸ್ಸು ನಮಗಾಗಲಿಲ್ಲ, ಕೇಳಿದ್ದು ನ್ಯಾಯವಾಗಿತ್ತು. ಇದೇ ರಾಮ ಶಾಹ ತನ್ನ ಕಟ್ಟಳೆಗಳಿಗೆ ಹೆಸರಾದವನು. ‘ನ್ಯಾಯ ಸಿಗದಿದ್ದರೆ ಗೋರ್ಖಾಕ್ಕೆ ಹೋಗು’ ಎಂಬ ಗಾದೆ ನೇಪಾಳದಲ್ಲಿ ಇವತ್ತಿಗೂ ಇದೆ. ಆ ನ್ಯಾಯ ಅವನ ರಾಣಿಗೆ ಸಿಗಲಿಲ್ಲ. ನಮ್ಮಲ್ಲಿ ಸಹಗಮನಕ್ಕೆ 1829ರಲ್ಲಿ ನಿಷೇಧ ಬಂತು, ನೇಪಾಳದಲ್ಲಿ 1920ರವರೆಗೆ ಕಾಯಬೇಕಾಯಿತು. ಇಂಥ ಸಾವಿಗೆ ಕೈಮುಗಿಯುವುದು ನಮ್ಮಿಬ್ಬರಿಗೂ ಕಷ್ಟವೇ ಆಗಿತ್ತು.

ತಮ್ಮ ತಲೆ ಕೆರೆದುಕೊಂಡು, ‘ಆಗ ರೂಲ್ಸು ಹಂಗೆ ಇತ್ತು ಪಾಪಾ’ ಎಂದು ತೇಲಿಸಿದ. ಆದರೆ ಅವನ ಅತ್ತಿಗೆ ಮಗಳು ಕೇಳಿದ್ದೇನೆಂದು ವಿಚಾರಿಸಿ, ನೇಪಾಳಿಯಲ್ಲಿ ಏನೋ ಹೇಳಿದಳು. ಅಲ್ಲಿಯವರೆಗೆ ಅವಳು ಅಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅವನು ಅದನ್ನು ಕನ್ನಡಕ್ಕೆ ತಂದದ್ದು ಹೀಗೆ: ‘ಅತ್ತಿಗೆ ಹೇಳ್ತಾರೆ, ಹೋಗಿದ್ದಕ್ಕೆ ಪೂಜೆ ಅಲ್ಲ. ಹೋಗೋವ್ರು ಬಹಳ ಜನ. ಇವಳು ವಾಪಸ್ ಬರ್ತೀನಿ ಅಂದ್ಲು, ಬಂದ್ಲು. ಅದಕ್ಕೆ ಪೂಜೆ.’

ಹಿಂದೆ ಮುಂದೆ ನೋಡಿದೆವು. ನಮ್ಮ ಸಾಲಿನಲ್ಲಿ ಹೊಸ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದಿದ್ದ ಒಬ್ಬ ಹುಡುಗನಿದ್ದ, ದೇವಿಯ ಮುಂದೆ ಇಡಲು ತಂದಿದ್ದಾನಂತೆ. ಮಲೇಷಿಯಾಕ್ಕೆ ಹೋಗುವವನು. ಪಕ್ಕದಲ್ಲಿ ಅವನ ತಾಯಿ. ಆಮೇಲೆ ನೋಡಿದರೆ ಸಾಲಿನ ತುಂಬ ಇಂಥವರೇ. ವಿಮಾನನಿಲ್ದಾಣದಲ್ಲಿ ಕಂಡ ಮರದ ಪೆಟ್ಟಿಗೆಯೂ ಆಗ ನೆನಪಿಗೆ ಬಂತು. ಗೋರ್ಖಾದ ರಾಜವಂಶ ನೇಪಾಳವನ್ನೆಲ್ಲ ಗೆದ್ದು ಆಳಿತು, 2008ರಲ್ಲಿ ರಾಜಪ್ರಭುತ್ವವೇ ಹೋಯಿತು. ರಾಣಿಯ ಮುಂದಿನ ಸಾಲು ಮಾತ್ರ ಕರಗಿಲ್ಲ.

ಹೋತವನ್ನು ಗುಡಿಯ ಹಿಂಭಾಗಕ್ಕೆ ತಮ್ಮನೇ ಕರೆದುಕೊಂಡು ಹೋದ. ನಾವು ಆ ಕಡೆ ಹೋಗಲಿಲ್ಲ. ಮಗಳು ಅತ್ತಳು, ಅದನ್ನು ಮರೆಮಾಚುವುದಿಲ್ಲ. ಕರ್ನಾಟಕದಲ್ಲಿ 1959ರಲ್ಲೇ ಪ್ರಾಣಿಬಲಿ ನಿಷೇಧದ ಕಾನೂನು ಬಂತು, ಇಲ್ಲೂ ಬರಲಿ ಎಂಬುದು ನಮ್ಮ ಆಸೆ. ತೆಂಗಿನಕಾಯಿ ಒಡೆದು ಹರಕೆ ತೀರಿಸುವವರೂ ಅಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಮೂರು ವರ್ಷದಿಂದ ಗಂಡನ ಮುಖವನ್ನು ಫೋನಿನಲ್ಲಿ ಮಾತ್ರ ನೋಡಿದ ಒಬ್ಬಳಿಗೆ ಆ ಹೊತ್ತಿನಲ್ಲಿ ಉಪದೇಶ ಮಾಡಲು ನಾವು ಯಾರು? ಅಮ್ಮ ಅವಳ ಪಕ್ಕ ಕೂತು, ಚೀಲದಲ್ಲಿದ್ದ ಹಸಿರು ಬಳೆಯ ಡಜನ್ನು ತೆಗೆದು ಅವಳ ಕೈಗೆ ತೊಡಿಸುತ್ತಿದ್ದರು. ಆ ಬಳೆಗಳನ್ನು ಅಮ್ಮ ತಂದದ್ದು ದೇವಿಗೆಂದು. ಕೇಳಿದರೆ, ‘ದೇವಿಗೆ ಯಾರಾದ್ರೂ ಕೊಡ್ತಾರೆ ಬಿಡಿ’ ಎಂದರು.

ಗಂಟೆಯನ್ನು ಮಗಳು ಹೊಡೆದಳು. ಅವನ ಹೆಸರಿನಲ್ಲಿ ಒಂದು ಎಂದು ಒಪ್ಪಂದವಾಗಿದ್ದರೂ ಎರಡು ಹೊಡೆದಳು. ಎರಡನೆಯದು ಹೋತಕ್ಕಂತೆ.

ಗರ್ಭಗುಡಿಯ ಮುಂದೆ ಸಿಕ್ಕಿದ್ದು ಅರ್ಧ ನಿಮಿಷ. ಹಣೆಗೆ ಅಕ್ಕಿ ಬೆರೆಸಿದ ಕೆಂಪು ಟೀಕಾ, ಕೈಗೆ ಚೆಂಡುಹೂವು. ಅಮ್ಮ ಮಾತ್ರ ಕಣ್ಣುಮುಚ್ಚಿ ತುಟಿ ಅಲುಗಿಸುತ್ತ ಅಲ್ಲೇ ನಿಂತರು, ಹಿಂದಿನವರು ತಳ್ಳಿದರೂ ಜಗ್ಗಲಿಲ್ಲ. ಇಳಿಯುವಾಗ ಕೇಬಲ್ ಕಾರಿನಲ್ಲಿ ಮಗಳು, ‘ಅಜ್ಜಿ, ಏನು ಕೇಳ್ಕೊಂಡ್ರಿ?’ ಎಂದು ಪೀಡಿಸಿದಳು. ‘ಹೇಳಿದ್ರೆ ಆಗಲ್ಲ’ ಎಂದು ಅಮ್ಮ ಕಿಟಕಿಯ ಕಡೆ ತಿರುಗಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಇನ್ನು ಎರಡು ವರ್ಷ, ಆಮೇಲೆ ಬಂದುಬಿಡ್ತೀವಿ’ ಎಂದು ನಾವು ಅಮ್ಮನಿಗೆ ಮೊದಲು ಹೇಳಿದ್ದು 2009ರಲ್ಲಿ. ಈ ಪತ್ರಿಕೆ ಓದುವ ಎಷ್ಟು ಮನೆಗಳಲ್ಲಿ ಇದೇ ಎರಡು ವರ್ಷ ನಡೆಯುತ್ತಿದೆಯೋ ನಿಮಗೇ ಗೊತ್ತು.

ಪ್ರಸಾದ ದೋಹಾ ತಲುಪಿತು. ಹೂ ಬಾಡಿತ್ತು, ಟೀಕಾ ಒಣಗಿತ್ತು. ಆ ರಾತ್ರಿಯ ಪಾಳಿಯಿಡೀ ವಾಚ್‌ಮನ್ ಅದನ್ನು ಹಣೆಗೆ ಹಚ್ಚಿಕೊಂಡೇ ಕೂತಿದ್ದ. 2023ರ ದಸರೆಗೆ ಅವನಿಗೆ ರಜೆ ಸಿಕ್ಕಿ ಊರಿಗೆ ಹೋಗಿಬಂದ.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ನಮ್ಮ ನೂರು ರೂಪಾಯಿಗೆ ಅಲ್ಲಿಯ 160 ರೂಪಾಯಿ ಲೆಕ್ಕ. ಶನಿವಾರ ಅವರಿಗೆ ವಾರದ ರಜೆ, ದೇವಿಗೂ ವಿಶೇಷ, ಆ ದಿನ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಬರಿಗಾಲಿಗೆ ಕಲ್ಲು ತಣ್ಣಗಿರುತ್ತದೆ, ಹಳೆಯ ಕಾಲುಚೀಲ ಒಂದು ಜೊತೆ ಇರಲಿ. ಚಳಿಗಾಲದಲ್ಲಿ ಹೋದರೆ ಮೆಟ್ಟಿಲ ಪಕ್ಕದಲ್ಲಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಕಿತ್ತಳೆ ಕೊಳ್ಳಿ. ಸಿಪ್ಪೆ ಸಡಿಲ, ರಸ ಸಿಹಿ. ನಾವು ಐದು ಕಿಲೋ ಕೊಂಡದ್ದು ಕಟ್ಮಂಡು ತಲುಪುವುದರೊಳಗೆ ಮುಗಿದಿತ್ತು.